ಅಜ್ಜ ಕೂತರೆ ಮಾತ್ರ ಫೋನು

ನಮ್ಮ ಫೋನ್-ಇಂಟರ್ನೆಟ್ ಕಂಪನಿಯಲ್ಲಿ ಮುಗಿಯದೆ ಉಳಿದ ದೂರು ಒಂದೂ ಇಲ್ಲ ಎಂಬುದನ್ನು ಮೊದಲೇ ಸಾರ್ವಜನಿಕರ ಗಮನಕ್ಕೆ ತರುತ್ತಿದ್ದೇನೆ. ನಾನು ದೂರು ಮುಕ್ತಾಯ ವಿಭಾಗದ ಹಿರಿಯ ಗುಮಾಸ್ತ. ದೂರನ್ನು ಸರಿಪಡಿಸುವ ವಿಭಾಗ ಬೇರೆ ಇದೆ. ಅದು ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ. ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಅಜ್ಜನ ಪ್ರಕರಣವನ್ನು ಕೆಲವು ಕೃತಘ್ನರು ಆಡಿಕೊಂಡು ನಗುತ್ತಿರುವುದರಿಂದ, ನಡೆದದ್ದನ್ನು ಇದ್ದಂತೆ ತಿಳಿಸುವುದು ನನ್ನ ಕರ್ತವ್ಯ.

ಅಜ್ಜನ ಮನೆಯಲ್ಲಿ ವೈಫೈ ರೌಟರು ಇದ್ದದ್ದು ನಡುಮನೆಯಲ್ಲಿ. ಇಂಟರ್ನೆಟ್ಟಿನ ಮೂಲಕ ಹಳೇ ಫೋನನ್ನು ಮಾತಾಡಿಸುವ ಅಡಾಪ್ಟರ್ ಎಂಬ ಪುಟ್ಟ ಡಬ್ಬಿ, ಅದರ ಪಕ್ಕ ಫೋನು, ಒಳಕೋಣೆಯಲ್ಲಿ. ರೌಟರಿಗೂ ಡಬ್ಬಿಗೂ ನಡುವೆ ಒಂದು ತಂತಿ. ಅಜ್ಜನಿಗೆ ಆ ಫೋನು ಬೇಕಾಗಿದ್ದದ್ದು ಬೇರೆ ಊರಿನಲ್ಲಿದ್ದ ಅಕ್ಕನ ಜೊತೆ ಸಂಜೆ ಮಾತಾಡುವುದಕ್ಕೆ, ಅಷ್ಟೇ. ಮೊಬೈಲಿನಿಂದ ಕರೆ ಮಾಡುವವರೆಲ್ಲ ಮೋಸಗಾರರು ಎಂದು ಅಕ್ಕ ತೀರ್ಮಾನಿಸಿಬಿಟ್ಟಿದ್ದರು. ಅಜ್ಜ ಒಮ್ಮೆ ಮಗನ ಮೊಬೈಲಿನಿಂದ "ಅಕ್ಕಾ, ನಾನು" ಎಂದಾಗ, "ದನೀನೂ ಕದ್ದುಬಿಟ್ರಾ ಕಳ್ಳರಾ!" ಎಂದು ಇಟ್ಟುಬಿಟ್ಟಿದ್ದರು.

ಒಂದು ದಿನ ಫೋನು ಸತ್ತಿತು. ಸೊಸೆ ದೂರು ಕೊಟ್ಟರು. ನಮ್ಮವರು ನಿಯಮದಂತೆ ರೌಟರ್ ಆಫ್ ಮಾಡಿ ಆನ್ ಮಾಡಿ ಎಂದರು. ಆಯಿತು. ಅಡಾಪ್ಟರ್ ಆಫ್ ಮಾಡಿ ಆನ್ ಮಾಡಿ ಎಂದರು. ಅದೂ ಆಯಿತು. ಆಮೇಲೆ ಫ್ರಿಜ್ಜನ್ನೂ ಆಫ್ ಮಾಡಿಸಿ, ಆನ್ ಮಾಡಿ ಎಂದು ಹೇಳುವುದನ್ನು ಮರೆತರು. ಹಾಲು ಒಡೆಯಿತೇ ಹೊರತು ಫೋನು ಬದುಕಲಿಲ್ಲ. ನಾವೇನು ಕೈಕಟ್ಟಿ ಕೂರುವವರೇ? ತಂತ್ರಜ್ಞನನ್ನು ಕಳಿಸಿದೆವು.

ಅಜ್ಜ ಅವನಿಗೆ ಬಾಗಿಲು ತೆಗೆದು ನಡುಮನೆಯ ಕುರ್ಚಿಯಲ್ಲಿ ಕೂತರು. ಅವನು ಒಳಗೆ ಹೋಗಿ ಫೋನೆತ್ತಿದರೆ ಡಯಲ್ ಟೋನು! ಅಜ್ಜ ಖುಷಿಯಿಂದ ಎದ್ದರು. ಟೋನು ಹೋಯಿತು.

"ಯಜಮಾನ್ರೇ, ಕೂತ್ಕೊಳ್ಳಿ ನೋಡೋಣ."

ಬಂತು.

"ಏಳಿ."

ಹೋಯಿತು. ತಂತಿ ಕುರ್ಚಿಯ ಕಾಲಿನ ಅಡಿ ಹಾದುಹೋಗಿತ್ತು. ಅದರೊಳಗೆ ತುಂಡಾಗಿದ್ದ ಎಳೆ ಅಜ್ಜನ ಭಾರ ಬಿದ್ದಾಗ ಮಾತ್ರ ಕೂಡಿಕೊಳ್ಳುತ್ತಿತ್ತು.

"ತಂತಿ ಬದಲಾಯಿಸಿಬಿಡಿ" ಎಂದರು ಸೊಸೆ.

"ಆಗಲ್ಲಮ್ಮ. ರೌಟರು ಇಂಟರ್ನೆಟ್ ವಿಭಾಗದ್ದು. ಅಡಾಪ್ಟರು ಫೋನ್ ವಿಭಾಗದ್ದು. ನಡುವಿನ ತಂತಿ ಯಾರದ್ದೂ ಅಲ್ಲ."

"ನಾವೇ ಅಂಗಡಿಯಿಂದ ತಂದು ಹಾಕ್ಕೋತೀವಿ."

"ಯಾರದ್ದೂ ಅಲ್ಲದ್ದನ್ನ ನೀವು ಹೇಗೆ ಮುಟ್ತೀರಿ? ಸೀಲ್ ಇದೆ. ಕಿತ್ರೆ ಕನೆಕ್ಷನ್ನೇ ರದ್ದು."

"ಹೋಗ್ಲಿ, ಕುರ್ಚಿ ಮೇಲೆ ಒಂದು ಪೆಟ್ಟಿಗೆ ಇಟ್ರೆ?"

"ಮೊದಲೇ ಹೇಳಿದ್ರೆ ಪೆಟ್ಟಿಗೆ ಅಂತಲೇ ಬರೀತಿದ್ದೆ. ಈಗ ವರದೀಲಿ ಯಜಮಾನ್ರ ಹೆಸರು ಬರೆದಾಯ್ತಲ್ಲಮ್ಮ" ಎಂದು ತಂತ್ರಜ್ಞ ನಿಜವಾಗಿಯೂ ಮರುಗಿದ.

ಹೀಗೆ ಅಜ್ಜ ನಮ್ಮ ದಾಖಲೆಯಲ್ಲಿ 'ಪೂರಕ ಉಪಕರಣ'ವಾದರು. ಅವರ ಅಂಗಿಗೆ ಕಂಪನಿಯ ಚೀಟಿ ಅಂಟಿಸಿ, ಮನೆಯವರಿಗೆ ಸೂಚನೆ ನೀಡಲಾಯಿತು: 'ಉಪಕರಣವನ್ನು ಒದ್ದೆ ಮಾಡಬಾರದು. ಬಿಸಿಲಿಗೆ ಇಡಬಾರದು. ಅನುಮತಿಯಿಲ್ಲದೆ ಕದಲಿಸಬಾರದು. ಉಪಕರಣ ಗೊಣಗಿದರೆ ಅದನ್ನು ದೋಷವೆಂದು ಪರಿಗಣಿಸಲಾಗುವುದಿಲ್ಲ.' ಕೊನೆಯ ವಾಕ್ಯ ನನ್ನದು. ಸಾಹೇಬರು ಬಹಳ ಮೆಚ್ಚಿಕೊಂಡರು.

ಸಂಜೆ ಅಕ್ಕನ ಕರೆ ಬಂತು. ಅಜ್ಜ ಎದ್ದು ಓಡಿದರು. ಫೋನು ಕಿವಿಗಿಡುವಷ್ಟರಲ್ಲಿ ಲೈನು ಸತ್ತಿತ್ತು. ಮರುದಿನ ಅಜ್ಜನ ಬದಲು ಸೊಸೆ ಕೂತು ನೋಡಿದರು, ಭಾರ ಸಾಲಲಿಲ್ಲ. ಮಗ ಕೂತ, ಭಾರ ಹೆಚ್ಚಾಗಿ ಫೋನಿನಲ್ಲಿ ಪಕ್ಕದ ಮನೆಯ ಜಗಳವೆಲ್ಲ ಕೇಳಿಸಿತು. ಕೊನೆಗೆ ಅಜ್ಜನನ್ನೇ ಕೂರಿಸಿ ಸೊಸೆ ಫೋನೆತ್ತಿದರು.

"ಮಾವ ಚೆನ್ನಾಗಿದಾರೆ ಅತ್ತೆ. ಕೂತಿದಾರೆ."

"ಎದ್ದು ಬಂದು ಮಾತಾಡಕ್ಕೆ ಏನು ಧಾಡಿ ಅವನಿಗೆ?"

"ಎದ್ರೆ ಮಾತಾಡಕ್ಕಾಗಲ್ಲ ಅತ್ತೆ."

ಅಜ್ಜ ನಡುಮನೆಯಿಂದಲೇ ಗಂಟಲು ಹರಿಯುವಂತೆ "ಅಕ್ಕಾ!" ಎಂದು ಕೂಗಿದರು. ಅಕ್ಕನಿಗೆ ಕೇಳಿಸಲಿಲ್ಲ. ಮಾವ ಅಳುತ್ತಿದ್ದಾರೆ ಎಂದು ಸೊಸೆ ನಮಗೆ ತಿಳಿಸಿದರು. ಉಪಕರಣವನ್ನು ಒದ್ದೆ ಮಾಡಬಾರದೆಂಬ ನಿಯಮವನ್ನು ನಾವು ವಿನಯದಿಂದ ನೆನಪಿಸಿದೆವು.

ಫೋನನ್ನು ನಡುಮನೆಗೆ ಸ್ಥಳಾಂತರಿಸಿ ಎಂದೂ ಕೇಳಿದರು. ಸ್ಥಳಾಂತರಕ್ಕೆ ಮೊದಲು ಎಲ್ಲ ಉಪಕರಣಗಳನ್ನೂ ತೆಗೆದಿರಬೇಕು. ಅಜ್ಜನನ್ನು ತೆಗೆದರೆ ಫೋನು ಕೆಟ್ಟಂತೆ. ಕೆಟ್ಟ ಫೋನನ್ನು ಸ್ಥಳಾಂತರಿಸುವಂತಿಲ್ಲ. ಇಷ್ಟು ಸರಳವಾದ ವಿಷಯ ಜನಕ್ಕೆ ಯಾಕೆ ಅರ್ಥವಾಗುವುದಿಲ್ಲವೋ ಕಾಣೆ.

ತಮ್ಮನಿಗೆ ಏನೋ ಆಗಿದೆ, ಮನೆಯವರು ಮುಚ್ಚಿಡುತ್ತಿದ್ದಾರೆ ಎಂದುಕೊಂಡ ಅಕ್ಕ ಬಸ್ಸು ಹತ್ತಿ ಬಂದೇಬಿಟ್ಟರು.

"ಏಳೋ ಮೇಲೆ! ಅಕ್ಕ ಬಂದ್ರೂ ಏಳಲ್ವಾ?"

ಅಜ್ಜ ಅಂಗಿಯ ಚೀಟಿಯನ್ನು ನೋಡಿಕೊಂಡರು. ಆಮೇಲೆ ಎದ್ದೇಬಿಟ್ಟು ಅಕ್ಕನ ಕೈ ಹಿಡಿದುಕೊಂಡರು. ಕಾಲು ನೋಯುತ್ತಿದ್ದ ಅಕ್ಕ ಅದೇ ಕುರ್ಚಿಯಲ್ಲಿ ಕುಸಿದರು. ಅಕ್ಕ ತಮ್ಮ ಇಬ್ಬರದೂ ಒಂದೇ ಮೈಕಟ್ಟು. ಒಳಗೆ ಫೋನು ಗಣಗಣ ಬಾರಿಸಿತು. ಕರೆ ಮಾಡಿದವನು ನಾನೇ, ಸೇವೆ ತೃಪ್ತಿಕರವೇ ಎಂದು ವಿಚಾರಿಸಲು. ವಿಷಯ ತಿಳಿದ ಕೂಡಲೇ ತಂತ್ರಜ್ಞನನ್ನು ಕಳಿಸಿ ಅಕ್ಕನನ್ನು 'ಬದಲಿ ಉಪಕರಣ' ಎಂದು ನೋಂದಾಯಿಸಿದೆವು. ಅಕ್ಕ ಮೊದಲು ರೇಗಿದರು. ಚೀಟಿ ಸೀರೆಯ ಬಣ್ಣಕ್ಕೆ ಒಪ್ಪಿದ ಮೇಲೆ ಸುಮ್ಮನಾದರು.

ಸಂಜೆ ಅಜ್ಜ ಕೊನೆಗೂ ಒಳಗೆ ಹೋಗಿ, ಫೋನೆತ್ತಿ, ನಂಬರು ಒತ್ತಿದರು.

"ಯಾರಿಗೋ ಮಾಡ್ತಿದೀಯ?" ಕುರ್ಚಿಯಿಂದ ಅಕ್ಕ ಕೂಗಿದರು.

"ನಿಂಗೇ ಅಕ್ಕಾ."

"ಎತ್ತಿದ್ರಾ?"

"ಇಲ್ಲ. ರಿಂಗ್ ಆಗ್ತಿದೆ."

"ಸದ್ಯ, ಲೈನ್ ಸರಿಹೋಯ್ತಲ್ಲ. ಇಡಬೇಡ, ನಾನು ಅಲ್ಲಾಡಲ್ಲ."