ದೋಣಿಗೆ ಹವೆ ಹೇಳುವ ಕೆಲಸ

ಹೆದರುಪುಕ್ಕಲನಿಗೆ ನಾಲ್ಕಕ್ಷರ ಬಂದರೆ ಅವನ ಹೆದರಿಕೆಗೆ ದೂರದೃಷ್ಟಿ ಎಂಬ ಹೆಸರು ಬರುತ್ತದೆ. ಇದು ನನ್ನ ಸ್ವಂತ ಅನುಭವದ ಮಾತು. ನನಗೆ ನೀರೆಂದರೆ ಹೆದರಿಕೆ. ತಂಬಿಗೆಯಲ್ಲಿ ಹಿಡಿಯುವಷ್ಟು ನೀರಿನೊಂದಿಗೆ ನನ್ನ ಸಂಬಂಧ ಚೆನ್ನಾಗಿಯೇ ಇದೆ. ಅದಕ್ಕಿಂತ ಹೆಚ್ಚು ನೀರು ಒಂದೇ ಕಡೆ ನಿಂತಿದ್ದರೆ ನಾನು ಬೇರೆ ದಾರಿ ಹಿಡಿಯುತ್ತೇನೆ. ಚಿಕ್ಕವನಿದ್ದಾಗ ಸೋದರಮಾವ ನನ್ನ ನಡುವಿಗೆ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸಿದ್ದ. ಬುರುಡೆ ಬಿಚ್ಚಿಕೊಂಡು ಚೆನ್ನಾಗಿಯೇ ತೇಲಿತಂತೆ. ನಾನು ಅಷ್ಟರೊಳಗೆ ಹಗ್ಗ ಹಿಡಿದು ಮೇಲೆ ಬಂದಿದ್ದೆ. ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ಜಗಳವಾಗುವ ಹುಬ್ಬಳ್ಳಿಯಲ್ಲಿ ಇದು ದೊಡ್ಡ ಕೊರತೆಯೇನೂ ಅಲ್ಲ. ಆದರೆ ನನ್ನ ನಸೀಬು ನೋಡಿ, ಇಂಥ ಊರಿನಲ್ಲಿಯೂ ನನಗೊಂದು ದೋಣಿ ಗಂಟುಬಿತ್ತು.

ದೋಣಿ ಅರಳೆ ವ್ಯಾಪಾರದ ಚನ್ನಬಸಪ್ಪ ಸಾವಕಾರರದು. ಕಾರವಾರಕ್ಕೆ ಹೋದಾಗ ಸಮುದ್ರಕ್ಕೆ ಮನಸೋತ ಅವರು, ಸಮುದ್ರ ತರಲಾಗದ್ದರಿಂದ ದೋಣಿಯನ್ನಷ್ಟೇ ಚಕ್ಕಡಿಯ ಮೇಲೆ ಹೇರಿಸಿಕೊಂಡು ಬಂದು, ಯುಗಾದಿಯ ದಿನ ಉಣಕಲ್ಲ ಕೆರೆಯಲ್ಲಿ ಬಿಟ್ಟರು. ರವಿವಾರ ಮಧ್ಯಾಹ್ನ ಗೆಳೆಯರನ್ನು ಕೂಡಿಸಿಕೊಂಡು, ಚುರುಮುರಿ ಕಟ್ಟಿಸಿಕೊಂಡು ಕೆರೆ ಸುತ್ತಬೇಕೆಂಬುದು ಅವರ ಆಸೆ. ಹುಟ್ಟು ಹಾಕಲು ಅಂಬಿಗರ ಯಂಕಪ್ಪ, ಹವೆ ಹೇಳಲು ನಾನು. ಸಾಲೆಯಲ್ಲಿ ಭೂಗೋಳ ಕಲಿಸುವವನಿಗೆ ಆಕಾಶದ ಒಳಗುಟ್ಟು ತಿಳಿದೇ ಇರುತ್ತದೆ ಎಂದು ಸಾವಕಾರರ ನಂಬಿಕೆ. ದಂಡೆಯ ಮೇಲೆ ನಿಂತು, "ಹ್ಯಾಂಗ ಮಾಸ್ತರ, ಹೋಗೂಣೇನು?" ಎಂದು ಕೇಳುವರು. ನಾನು ಚಷ್ಮಾ ಒರೆಸಿಕೊಂಡು, ಗಾಳಿಯ ಒತ್ತಡ, ಸಮುದ್ರದ ಆವಿ, ಪಶ್ಚಿಮಘಟ್ಟಗಳ ಎತ್ತರ ಎಲ್ಲವನ್ನೂ ವಿವರಿಸಿ, ಸಂಜೆಯೊಳಗೆ ಬಿರುಗಾಳಿ ಖಂಡಿತ ಎಂದು ಮುಗಿಸುವೆನು. ಎಲ್ಲರೂ ದಂಡೆಯ ಮೇಲೆಯೇ ಚುರುಮುರಿ ತಿಂದು ಮನೆಗೆ ಹೋಗುವರು.

ಚೈತ್ರ ವೈಶಾಖದಲ್ಲಿ ಹೊತ್ತುಗೊತ್ತಿಲ್ಲದೆ ಬರುವ ಅಡ್ಡಮಳೆ ನನ್ನಂಥವರಿಗಾಗಿಯೇ ಇದೆ. ಬಂದರೆ ನಾನು ಹೇಳಿದಂತೆ ಬಂತು. ಬಾರದಿದ್ದರೆ ನವಲಗುಂದದ ಕಡೆ ಹೋಯಿತೆಂದರೆ ಸಾಕು. ಅಂದು ನವಲಗುಂದದಲ್ಲಿದ್ದು ನೋಡಿ ಬಂದವರು ನಮ್ಮಲ್ಲಿ ಯಾರೂ ಇರುತ್ತಿರಲಿಲ್ಲ. ಆರು ರವಿವಾರಗಳಲ್ಲಿ ನನ್ನ ಹೆಸರು ಬೈರಿದೇವರಕೊಪ್ಪದವರೆಗೆ ಹಬ್ಬಿತು. ಮದುವೆಯ ಹಂದರ ಹಾಕುವವರು ಕೂಡ ನನ್ನನ್ನು ಕೇಳಿ ಹೋಗತೊಡಗಿದರು.

ಇದನ್ನು ನಂಬದವಳು ನನ್ನ ಹೆಂಡತಿ ಒಬ್ಬಳೇ. ಅವಳು ಮಲಪ್ರಭೆಯ ದಂಡೆಯ ಊರಿನವಳು, ತುಂಬಿದ ಹೊಳೆಯನ್ನು ಈಸಿ ದಾಟಿದವಳು. ದೋಣಿ ಬಂದಂದಿನಿಂದ ಅದರಲ್ಲಿ ಕೂಡಬೇಕೆಂದು ಅವಳಿಗೆ ಆಸೆ. ಒಂದು ಶನಿವಾರ ರೊಟ್ಟಿ ಬಡಿಯುತ್ತಲೇ ಹೇಳಿದಳು: "ನಾಳೆ ಸಾವಕಾರ್ರ ಮನಿ ಹೆಣ್ಣಮಕ್ಕಳು ಕೆರಿಗೆ ಬರತಾರಂತ. ನನ್ನೂ ಕರದಾರ. ನಾಳೆ ಗಾಳಿ ಮಳಿ ಏನೂ ಬರೂದಿಲ್ಲ. ಬರತದಂತ ನೀವು ಅಂದ್ರ, ನಮ್ಮ ಮನಿಯವ್ರಿಗೆ ಈಸಲಿಕ್ಕೆ ಬರೂದಿಲ್ಲಂತ ಅಲ್ಲೇ ಎಲ್ಲಾರ ಮುಂದ ಹೇಳತೇನಿ ನೋಡ್ರಿ."

ಮರುದಿನ ಬೆಳಗಿನಿಂದ ಒಂದು ಎಲೆಯೂ ಅಲ್ಲಾಡಲಿಲ್ಲ. ಅಂಗಿ ಮೈಗೆ ಅಂಟಿಕೊಂಡಿತ್ತು. ನಾವು ಕೆರೆ ಮುಟ್ಟುವ ಹೊತ್ತಿಗೆ ಪೂರ್ವದ ಕಡೆ ಒಂದು ಬಿಳಿ ಮೋಡ ನೋಡನೋಡುತ್ತಿದ್ದಂತೆ ಮೇಲಕ್ಕೆ ಬೆಳೆದು, ಬುಡದಲ್ಲಿ ಕಪ್ಪಾಗತೊಡಗಿತು. ಪುಸ್ತಕದಲ್ಲಿ ಓದಿ ಹುಡುಗರಿಗೆ ಕಲಿಸಿದ್ದ ಮೋಡವೇ ಅದು. ಜನ್ಮದಲ್ಲಿ ಮೊದಲ ಸಲ ನನಗೆ ನಿಜವಾಗಿ ಬಿರುಗಾಳಿ ಕಾಣಿಸಿತು. ಆದರೆ ಇಷ್ಟು ದಿನ ಹೆದರಿಕೆಯಿಂದಲೇ ಮೋಡ ಹುಟ್ಟಿಸಿದವನಿಗೆ, ಎದುರಿಗಿರುವುದು ಮೋಡವೋ ಹೆದರಿಕೆಯೋ ತಿಳಿಯುವುದು ಹೇಗೆ? "ಹ್ಯಾಂಗ ಮಾಸ್ತರ?" ಎಂದರು ಸಾವಕಾರರು. ನಾನು ಹೆಂಡತಿಯ ಮುಖ ನೋಡಿ, "ಹೋಗೂಣ್ರಿ" ಎಂದೆ.

ಯಾವಾಗಲೂ ಬೇಡವೆನ್ನುವ ಮಾಸ್ತರನೇ ಹೂಂ ಎಂದ ಮೇಲೆ ಇದಕ್ಕಿಂತ ಒಳ್ಳೆಯ ದಿನ ಸಿಗದೆಂದು ಸಾವಕಾರರು, ಟಾಂಗಾದಲ್ಲಿಯೇ ಕುಳಿತಿರುತ್ತೇನೆಂದಿದ್ದ ತಮ್ಮ ಎಪ್ಪತ್ತು ದಾಟಿದ ತಾಯಿಯನ್ನೂ ಎತ್ತಿ ತಂದು ದೋಣಿಯಲ್ಲಿ ಕೂಡಿಸಿದರು. ಆಗಲಾದರೂ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಅದನ್ನು ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಕೆರೆಯ ನಡುವೆ ಹೋದಾಗ ಗುಡುಗಿತು. ಗುಡುಗು ಕೇಳಿದ ಮೇಲೆ ದಂಡೆಯನ್ನು ನೆನೆಯುವುದು ತಡವಾಯಿತೆಂದೇ ಲೆಕ್ಕ. ತಣ್ಣನೆಯ ಗಾಳಿ ಬಂದು ಮುಖಕ್ಕೆ ಬಡಿಯಿತು. ಹುಬ್ಬಳ್ಳಿಯ ಕಡೆಯಿಂದ ಕೆಂಪು ಧೂಳು ಎದ್ದು ಊರೇ ಕಾಣದಂತಾಯಿತು. ಸಾವಕಾರರು ಗಾಬರಿಯಿಂದ ಎದ್ದು ನಿಂತರು, ದೋಣಿ ಒಂದು ಮಗ್ಗುಲಿಗೆ ವಾಲಿತು, ನಾನು ಛತ್ರಿ ಬಿಚ್ಚಿದೆ. ಬಿಚ್ಚಿದ ಛತ್ರಿಯನ್ನು ಆಮೇಲೆ ಯಾರೂ ನೋಡಲಿಲ್ಲ. "ಎಲ್ಲಾರೂ ಕೆಳಗ ಕೂಡ್ರಿ, ಯಾರೂ ಏಳಬ್ಯಾಡ್ರಿ" ಎಂದು ಗದರಿಸಿದವಳು ನನ್ನ ಹೆಂಡತಿ. ಆಲಿಕಲ್ಲು ಬೀಳತೊಡಗಿದಾಗ ಮುದುಕಮ್ಮನನ್ನು ತೊಡೆಯ ಮೇಲೆ ಒರಗಿಸಿಕೊಂಡು ಸೆರಗು ಹೊದಿಸಿದಳು. ಯಂಕಪ್ಪ ಗಾಳಿಗೆ ಎದುರಾಗಿ ಹೋಗದೆ, ಅದು ದೂಡಿದ ಕಡೆಗೇ ದೋಣಿ ಬಿಟ್ಟುಕೊಟ್ಟು, ಹತ್ತಿರದ ದಂಡೆಯ ಹುಲ್ಲಿನೊಳಗೆ ನುಗ್ಗಿಸಿ ನಿಲ್ಲಿಸಿದ. "ಮುಂಜಾನೀನ ನನಗ ಗೊತ್ತಿತ್ರಿ. ಮಾಸ್ತರ್ರ ಹೂಂ ಅಂದ ಮ್ಯಾಲೆ ನಾ ಏನ್ ಹೇಳ್ಲಿರಿ?" ಎಂದ.

ಮುದುಕಮ್ಮ ಗಡಗಡ ನಡುಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಸಾವಕಾರ್ರ, ನನಗ ಈಸಲಿಕ್ಕೆ ಬರೂದಿಲ್ಲ. ಇಷ್ಟು ದಿನಾ ಮಳಿ ಬರತದಂತ ಹೇಳಿದ್ದು ಅಂಜಿಕೀಲೆ. ಇವತ್ತ ಖರೇನ ಕಂಡಿತ್ತು, ನಾಚಿಕೀಲೆ ಹೇಳಲಿಲ್ಲ" ಎಂದು ತಲೆ ತಗ್ಗಿಸಿ ನಿಂತೆ. ಅವರು ಬೈಯುವುದಕ್ಕೆ ಮೊದಲೇ ನನ್ನ ಹೆಂಡತಿ ಸೀರೆ ಹಿಂಡಿಕೊಳ್ಳುತ್ತ ಹೇಳಿದಳು: "ಇವರ ಬಾಯಿ ಕಟ್ಟಿದಾಕಿ ನಾನರಿ, ನಂದೂ ತಪ್ಪದ. ಆದ್ರ ಇವರಿಗೆ ಖರೇನ ಮೋಡ ಕಂಡದಂತ ಆವಾಗ್ಗ ನನಗ ತಿಳೀಬೇಕಾಗಿತ್ತು. ಬರೇ ನೀರಿಗೆ ಅಂಜಿದಾಗ ಇವರು ಅರ್ಧಾ ತಾಸು ಪಾಠಾ ಮಾಡತಾರ. ಇವತ್ತ ಒಂದ ಮಾತಿನ್ಯಾಗ ಮುಗಿಸಿದ್ರು." ಒದ್ದೆ ಸೆರಗಿನೊಳಗಿನಿಂದ ಮುದುಕಮ್ಮ ನಕ್ಕರು. ಅವರು ನಕ್ಕದ್ದರಿಂದ ನಾನು ಬದುಕಿದೆ.

ಇನ್ನು ಮುಂದೆ ನನ್ನನ್ನು ಕರೆಯಲಾರರೆಂದು ನೆಮ್ಮದಿಯಿಂದಿದ್ದೆ. ಆದರೆ ಮುಂದಿನ ರವಿವಾರವೂ ಮನೆಯ ಮುಂದೆ ಟಾಂಗಾ ಬಂದು ನಿಂತಿತು. ನನಗಿಂತ ಮೊದಲು ಹೆಂಡತಿಯೇ ಹತ್ತಿ ಕುಳಿತಳು. ದಂಡೆಯ ಮೇಲೆ ಸಾವಕಾರರು ಎಂದಿನಂತೆಯೇ ಕೇಳಿದರು. ನಾನು ಗಾಳಿಯ ಒತ್ತಡದಿಂದ ಆರಂಭಿಸಿ, ಪಶ್ಚಿಮಘಟ್ಟ ಹತ್ತಿ ಇಳಿದು, ಬಿರುಗಾಳಿ ಖಂಡಿತ ಎಂದು ಮುಗಿಸುವವರೆಗೆ ಕೈಕಟ್ಟಿಕೊಂಡು ಗಮನವಿಟ್ಟು ಕೇಳಿದರು. ಆಮೇಲೆ ನನ್ನ ಹೆಂಡತಿಯ ಕಡೆಗೊಮ್ಮೆ ನೋಡಿ, "ಯಂಕಪ್ಪಾ, ದೋಣಿ ಬಿಡಪಾ. ಇವತ್ತ ಮಳಿ ಇಲ್ಲ" ಎಂದರು. ನನ್ನನ್ನು ನಟ್ಟನಡುವೆ ಕೂಡಿಸಿಕೊಂಡು ಮೂರು ಸುತ್ತು ಹಾಕಿದರು. ನಾನು ಕಣ್ಣು ಮುಚ್ಚಿಕೊಂಡೇ ಕುಳಿತಿದ್ದೆ; ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲವಂತೆ.