ಬೆಳೆಯುವ ಮೀನಿಗೆ ಎಂಟನೇ ನಂಬರ್

ನಮ್ಮ ಇಂಡಿ ಕಡೆ ಸಲಹೆ ಕೇಳದಿದ್ದರೂ ಸಿಗುತ್ತದೆ, ಕೇಳಿದರಂತೂ ಮುಗಿದೇ ಹೋಯಿತು. ನನ್ನ ಪಾಲಿಗೆ ಇದು ಆಗಾಗ ಆಗುತ್ತಲೇ ಇರುತ್ತದೆ. ಈ ಸಲ ಮೀನಿನ ವಿಷಯದಲ್ಲಾಯಿತು.

ನಾನು ನಿವೃತ್ತ ಪಿ.ಟಿ. ಮಾಸ್ತರ. ಹಿಮಾಚಲದಲ್ಲಿ ನೆಲೆಸಿರುವ ಹಳೆಯ ಗೆಳೆಯನೊಬ್ಬ ತಾನು ಹಿಡಿದ ಟ್ರೌಟ್ ಮೀನಿನ ಫೋಟೋ ಕಳಿಸಿ ಕಳಿಸಿ ನನ್ನ ಹೊಟ್ಟೆ ಉರಿಸುತ್ತಿದ್ದ. ಕಡೆಗೊಮ್ಮೆ, "ರಾಡ್ ತಗೊಂಡ ಬಾ, ಒಂದರ ಹಿಡಿದು ತೋರಸು," ಎಂದ. ನಾನೂ ಬಿಡಲಿಲ್ಲ. ಮೀನಿನ ಜೊತೆ ನನ್ನ ಫೋಟೋ ಬರುತ್ತದೆ ಎಂದು ಓಣಿಗೆಲ್ಲ ಸಾರಿಬಿಟ್ಟೆ. ಇನ್ನು ಹಿಡಿಯದೆ ಬಂದರೆ ಮುಖ ತೋರಿಸುವಂತಿರಲಿಲ್ಲ.

೧. ಅಂಗಡಿಯಲ್ಲಿ

ಈ ರಾಡ್‌ಗಳಿಗೆ, ಅಂದರೆ ಗಾಳದ ಕೋಲುಗಳಿಗೆ, ನಂಬರ್ ಇರುತ್ತದೆ. ನಂಬರ್ ಏರಿದಷ್ಟು ದಾರ ಭಾರ, ರಾಡ್ ಬಿರುಸು. ಟ್ರೌಟ್‌ಗೆ ಐದು ಸಾಕು ಎಂದು ಗೆಳೆಯ ಹೇಳಿದ್ದ. ಮುದ್ದೇಬಿಹಾಳದ ಒಂದು ಅಂಗಡಿಗೆ ಹೋದೆ. ಅಲ್ಲಿ ಒಂದು ಕಡೆ ಬಲೆ, ಗಾಳ. ಇನ್ನೊಂದು ಕಡೆ ಸಾಲಿ ಮಕ್ಕಳ ಯುನಿಫಾರ್ಮ್.

"ಮೀನಾ ಎಷ್ಟ ದೊಡ್ಡದೈತ್ರಿ?" ಎಂದ ಅಂಗಡಿಯವ.

"ಗೇಣು, ಒಂದೂವರಿ ಗೇಣು."

"ಮುಂದ ಬೆಳಿತೈತಿಲ್ರಿ? ಐದ ತಗೊಂಡ್ರ ವರ್ಷದಾಗ ಸಣ್ಣದ ಆಗತೈತಿ. ಎಂಟ ತರಸ್ತೇನಿ, ತಗೊಳ್ರಿ."

ನಾನೂ ಎರಡು ಅಳತೆ ದೊಡ್ಡ ಚಡ್ಡಿಯನ್ನು ಒಂದು ಕೈಲಿ ಹಿಡಿದುಕೊಂಡೇ ಓಡಿ ಬೆಳೆದವನು. ಮಾತು ಸರಿಯೆನಿಸಿತು, ಎಂಟನ್ನೇ ತರಿಸಿಕೊಂಡೆ.

೨. ತಾಲೀಮು

ಮನೆಯ ಹಿಂದಿನ ಬಯಲಲ್ಲಿ ತಾಲೀಮು ಶುರು ಮಾಡಿದೆ. ದಾರವನ್ನು ಹಿಂದಕ್ಕೆ ಬೀಸಿ, ಅದು ಪೂರ್ತಿ ಚಾಚುವವರೆಗೆ ಕಾದು, ಮುಂದಕ್ಕೆ ಬೀಸಬೇಕು. ಕಾಯುವುದು ನನ್ನ ಜಾಯಮಾನವಲ್ಲ. ಅವಸರದಲ್ಲಿ ಬೀಸಿದೆ, ಹಿಂದೆ 'ಚಟೀರ್' ಎಂದಿತು.

ಪಕ್ಕದ ಹೊಲದ ರೈತ ಎತ್ತು ಹೂಡಿ ನಿಲ್ಲಿಸಿ, ನಿಂಬಿ ಗಿಡದ ಕೆಳಗೆ ರೊಟ್ಟಿ ಬಿಚ್ಚಿದ್ದ. ಬಾರುಕೋಲಿನ ಸದ್ದೆಂದು ತಿಳಿದು ಎತ್ತುಗಳು ಹೊರಟೇಬಿಟ್ಟವು. ನಾನು ಗಾಬರಿಯಾಗಿ ಮತ್ತೆ ಬೀಸಿದೆ, ಅವು ಓಡತೊಡಗಿದವು. ರೈತ ಬಾಯಲ್ಲಿ ತುತ್ತಿಟ್ಟುಕೊಂಡೇ ಬೆನ್ನಟ್ಟಿದ.

ಹಿಡಿದುಕೊಂಡು ಬಂದವನು, "ಮಾಸ್ತರ್ರ, ಮೀನದ್ದ ನನಗ ಗೊತ್ತಿಲ್ರಿ. ಆದ್ರ ಬಿತ್ತಿಗಿ ದಿನಾ ನೀವ ತಪ್ಪದ ಬರ್ರಿ," ಎಂದ.

೩. ಹೊಳೆಯಲ್ಲಿ

ಹಿಮಾಚಲಕ್ಕೆ ಹೋದಾಗ ಗೆಳೆಯ ನನ್ನ ರಾಡ್ ನೋಡಿ, "ಮೊಸಳಿ ಹಿಡಿಯಾಕ ಬಂದಿ ಏನು?" ಎಂದ. ಎರಡು ದಿನ ನನ್ನ ಭಾರದ ದಾರ ನೀರಿಗೆ ಬಿದ್ದದ್ದೇ ತಡ, ಮೀನೆಲ್ಲ ಚೆದುರಿ ಹೋಗುತ್ತಿದ್ದವು. ಓಣಿಯಿಂದ ದಿನವೂ ಫೋನ್: "ಫೋಟೋ ಎಲ್ಲೈತ್ರಿ?" ನನಗೆ ಅಳುವೇ ಬಂದಂತಾಗಿತ್ತು.

ಮೂರನೆಯ ದಿನ ಒಂದು ಕಚ್ಚಿತು! ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದೆ. ಗೇಣುದ್ದದ ಮೀನು ನೀರಿನಿಂದ ಎದ್ದು, ನನ್ನ ತಲೆಯ ಮೇಲೆ ಹಾರಿ, ಹಿಂದಿನ ಹುಲ್ಲಿನಲ್ಲಿ ಬಿತ್ತು. ನಾನು ಬಗ್ಗಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಮೀನುಗಾರಿಕೆ ಇಲಾಖೆಯ ಕಾವಲುಗಾರ ಅದನ್ನೆತ್ತಿ, ಪಟ್ಟಿ ಹಿಡಿದು ಅಳೆದು, ಸಣ್ಣದು, ಹಿಡಿಯುವಂತಿಲ್ಲವೆಂದು ಹೊಳೆಗೆ ಬಿಟ್ಟ. ಗೆಳೆಯ ಫೋಟೋ ತೆಗೆದಿದ್ದ, ಓಣಿಗೂ ಕಳಿಸಿದ್ದ. ಅದರಲ್ಲಿದ್ದದ್ದು ಹುಲ್ಲಿನ ನಡುವೆ ಮೇಲೆದ್ದ ನನ್ನ ಹಿಂಭಾಗ ಮಾತ್ರ.

ಊರಿಗೆ ಬಂದವನೇ ಸಿಟ್ಟಿನಿಂದ ಮುದ್ದೇಬಿಹಾಳಕ್ಕೆ ಹೋದೆ. ಅಂಗಡಿಯವ ಒಬ್ಬ ಹುಡುಗಿಗೆ ಮೊಣಕೈ ದಾಟುವ ಅರ್ಧತೋಳಿನ ಯುನಿಫಾರ್ಮ್ ಅಂಗಿ ತೊಡಿಸುತ್ತಿದ್ದ. ನಡೆದದ್ದನ್ನೆಲ್ಲ ಹೇಳಿ, "ನೋಡು, ನಿನ್ನ ಮಾತು ಕೇಳಿ ನನ್ನ ಮಾನ ಹೋತು," ಎಂದೆ.

ಅವನು ಸಮಾಧಾನದಿಂದ ಕೇಳಿದ: "ಮೀನಾ ಜೀವಂತ ಬಿಟ್ಟಾರಿಲ್ರಿ?"

"ಹೌದು, ಬಿಟ್ಟಾರ."

"ಮತ್ತ್ಯಾಕ ಚಿಂತಿ? ಉಣಲಿ, ತಿನ್ನಲಿ, ಬೆಳೀಲಿ. ಬರೂ ವರ್ಷ ಈ ರಾಡ್ ಅದಕ್ಕ ಬರೋಬ್ಬರಿ ಆಗತೈತ್ರಿ."