ಯಶವಂತನ ಸ್ಪೀಕರ್ ಪರೀಕ್ಷೆ

ಯಶವಂತನ ಕಂಠಕ್ಕೆ ಅತ್ತೆಯ ಮನೆಯಲ್ಲಿ ಎಂದೂ ನ್ಯಾಯ ಸಿಕ್ಕಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಕಮಲಾಪುರದ ಆ ಮಂದಿ ಅವನ ಹೋಳಿಗೆಯ ಮೇಲೆ ತುಪ್ಪ ಸುರಿದಿದ್ದರೇ ಹೊರತು, ‘ಒಂದು ಹಾಡು ಹೇಳ್ರಿ’ ಎಂದು ಒಬ್ಬರೂ ಕೇಳಿರಲಿಲ್ಲ. ಅವನೇ ತಾನಾಗಿ ಗಂಟಲು ಸರಿಮಾಡಿಕೊಂಡರೆ ಅತ್ತೆ ಅಂಬಮ್ಮನಿಗೆ ಎಮ್ಮೆ ಹಿಂಡುವುದು ನೆನಪಾಗುತ್ತಿತ್ತು. ಹೆಂಡತಿಯ ತಮ್ಮ ದತ್ತಪ್ಪನಿಗೆ ಬಾಳೆತೋಟಕ್ಕೆ ನೀರು ಬಿಡುವುದು ನೆನಪಾಗುತ್ತಿತ್ತು. ಹೆಂಡತಿ ಶೀಲಾಳಿಗೆ ಏನೂ ನೆನಪಾಗುತ್ತಿರಲಿಲ್ಲ; ಅವಳು ನೇರವಾಗಿ “ಸಾಕು ಬಿಡ್ರಿ” ಎನ್ನುತ್ತಿದ್ದಳು.

ದತ್ತಪ್ಪನ ಮಗಳ ತೊಟ್ಟಿಲ ಕಾರ್ಯಕ್ಕೆ ಕರೆ ಬಂದ ದಿನ ಯಶವಂತನಿಗೆ ಜ್ಞಾನೋದಯವಾಯಿತು. ತಪ್ಪು ತನ್ನ ದನಿಯದ್ದಲ್ಲ, ಆ ದನಿಯನ್ನು ಜನರ ಕಿವಿಗೆ ಮುಟ್ಟಿಸುವ ಸಾಧನ ತನ್ನಲ್ಲಿಲ್ಲ, ಅಷ್ಟೆ! ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ ಶೀಲಾ. ಸೋದರತ್ತೆಯ ಗಂಡ ಜೋಗುಳ ಹಾಡಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ, ನಿಜ. (ಹಾಡಕೂಡದೆಂದೂ ಬರೆದಿಲ್ಲ.)

ಒಂದು ವಾರ ಅವನು ಮೊಬೈಲಿನಲ್ಲಿ ಸ್ಪೀಕರುಗಳ ಬಗ್ಗೆ ಬಲ್ಲವರು ಕೊಡುವ ಪ್ರವಚನ ಕೇಳಿದ. ಬಾಸ್ ಎಂದರೆ ‘ಗುಂಯ್’, ಟ್ರೆಬಲ್ ಎಂದರೆ ‘ಚುಂಯ್’ ಎಂಬಷ್ಟು ಪಾಂಡಿತ್ಯ ಸಂಪಾದಿಸಿ ಸೂಪರ್ ಮಾರ್ಕೆಟ್ ಪೇಟೆಯ ಗುಫ್ರಾನನ ಅಂಗಡಿಗೆ ಶೀಲಾಳ ಸಮೇತ ದಯಮಾಡಿಸಿದ.

“ಸಾವಿರದೊಳಗ ಇರ್ಬೇಕು. ಆದ್ರ ಸೌಂಡ್ ಹತ್ತು ಸಾವಿರದ್ದು ಇರ್ಬೇಕು” ಎಂದ.

“ಅದೇ ಅದ ತಗೋರಿ ಸಾಬ್” ಎಂದು ಗುಫ್ರಾನ್ ನೀರಿನ ತಂಬಿಗೆಯಷ್ಟು ದೊಡ್ಡದಾದ ಒಂದು ಸ್ಪೀಕರನ್ನು ಮೇಜಿನ ಮೇಲಿಟ್ಟ.

ಯಶವಂತ ಕಣ್ಣು ಮುಚ್ಚಿದ. ತಲೆಯನ್ನು ಒಂದು ಕಡೆಗೆ ವಾಲಿಸಿದ. ಬಹಳ ಹೊತ್ತಿನ ಮೇಲೆ, “ಬಾಸ್ ಅಡ್ಡಿ ಇಲ್ಲ. ಟ್ರೆಬಲ್ ಒಂದೀಟು ಕಮ್ಮಿ ಅದ” ಎಂದು ತೀರ್ಪಿತ್ತ.

“ಸಾಬ್, ನಾ ಇನ್ನೂ ಚಾಲೂನೇ ಮಾಡಿಲ್ರಿ. ನೀವು ಕೇಳ್ಲಾಕತ್ತಿದ್ದು ಬಾಜೂ ದುಕಾನಂದು.”

ಶೀಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗುಫ್ರಾನ್ ಈಗ ನಿಜವಾಗಿಯೂ ಚಾಲೂ ಮಾಡಿ, “ಈ ಬಾಸ್ ಕೇಳ್ರಿ, ಎದಿ ಧಡಕ್ ಧಡಕ್ ಅಂತದ” ಎಂದ.

“ಮನ್ಯಾಗ ಒಬ್ಬಾಕಿ ಬಾಸ್ ಅದಾಳ. ಎದಿ ದಿನಾ ಧಡಕ್ ಅಂತದ” ಎಂದು ಯಶವಂತ ಗೊಣಗಿದ. ಅದು ಶೀಲಾಳಿಗೆ ಸ್ಪಷ್ಟವಾಗಿಯೇ ಕೇಳಿಸಿತು. (ಅವಳ ಕಿವಿಗೆ ಯಾವ ಸಾಧನವೂ ಬೇಕಿಲ್ಲ.) ಆದರೂ ಮೈಕು ಪುಕ್ಕಟೆ, ಮಿನುಗುವ ಬಣ್ಣದ ದೀಪ ಪುಕ್ಕಟೆ ಎಂದ ಮೇಲೆ ವ್ಯಾಪಾರ ಕುದುರಿತು.

ಗಾಜಿಪುರ ಓಣಿಯ ತಮ್ಮ ಬಾಡಿಗೆ ಮನೆಯಲ್ಲಿ ಪರೀಕ್ಷೆಗಳು ಶುರುವಾದವು. ಯಶವಂತ ಮೈಕು ಹಿಡಿದು ‘ಜೋ’ ಎಂದ ಕೂಡಲೇ ಅಡುಗೆಮನೆಯ ತಾಟುಗಳು ಗಣಗಣ ಅಲುಗಿದವು.

“ಬಾಸ್ ನೋಡು, ಬಾಸ್!”

“ಅದು ಬಾಸ್ ಅಲ್ರಿ, ನನ್ನ ತಾಟು.”

ಸ್ಪೀಕರನ್ನು ಟ್ರಂಕಿನ ಮೇಲಿಟ್ಟು ಹಾಡಿದ. ತಗಡಿನ ಮೇಲೆ ಜೋಳ ಸುರಿದಂತಾಯಿತು. ತಾಮ್ರದ ಕೊಡದೊಳಗಿಟ್ಟು ಹಾಡಿದ. ಬಾವಿಯಲ್ಲಿ ಬಿದ್ದವರು ಕೂಗಿದಂತಾಯಿತು. ಎದುರು ಮನೆಯ ಜಾಹೇದಾ ಓಡಿಬಂದು ಬಾಗಿಲಲ್ಲೇ ನಿಂತು, “ಖೈರಿಯತ್ ಅದ ಅಲ್ಲ ಭಾಬಿ? ಭಾಯಿಸಾಬ್‌ಗ ಹೊಟ್ಟಿನೋವೇನು? ಓಮಿನ ನೀರು ಕೊಡ್ಲಾ?” ಎಂದು ಕಳಕಳಿಯಿಂದ ಕೇಳಿದಳು.

“ಮಿಕ್ಸಿನೂ ಹಿಂಗೇ ಸಪ್ಪಳ ಮಾಡ್ತದ” ಎಂದಳು ಶೀಲಾ. “ಆದ್ರ ಅದು ಕಡಿಗರ ಚಟ್ನಿ ಕೊಡ್ತದ.”

ಯಶವಂತನಿಗೆ ಅನ್ನ ಸೇರದಾಯಿತು. ಎಂಥ ಮೋಸ! ಲಕ್ಷದ ಕಂಠವನ್ನು ಸಾವಿರದ ಡಬ್ಬಿಯಲ್ಲಿ ತುರುಕಲು ಹೋದ ತನ್ನ ಜಿಪುಣತನಕ್ಕೆ ತಾನೇ ಮರುಗಿದ. ಮರುದಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಗುಫ್ರಾನನ ಮುಂದೆ ಸ್ಪೀಕರನ್ನು ಕುಕ್ಕಿದ. ಗುಫ್ರಾನ್ ಅದರಲ್ಲಿ ಯಾವುದೋ ಗಝಲ್ ಹಚ್ಚಿದ. ಜೇನು ಸುರಿದಂತಿತ್ತು. ಮೈಕು ಯಶವಂತನ ಕೈಗೆ ಕೊಟ್ಟ. ಯಶವಂತ ಒಂದೇ ಒಂದು ಸಾಲು ಹಾಡಿದ. ಅಂಗಡಿಯಲ್ಲಿದ್ದ ಎರಡು ಗಿರಾಕಿಗಳು ಹೊರಗೆ ಹೋದರು.

ಗುಫ್ರಾನ್ ಹೋದವರ ಬೆನ್ನು ನೋಡುತ್ತ ಸ್ಪೀಕರನ್ನು ಬಂದ್ ಮಾಡಿದ. “ಸ್ಪೀಕರ್‌ನಾಗ ಖರಾಬಿ ಇಲ್ರಿ ಸಾಬ್. ನೀವು... ಮೈಕು ದೂರ ಹಿಡೀರಿ.”

“ಎಷ್ಟು ದೂರ?”

“ಎಷ್ಟಾಗ್ತದೋ ಅಷ್ಟು.”

ಕಾರ್ಯದ ದಿನ ಕಮಲಾಪುರದ ಪಡಸಾಲೆ ತುಂಬಿ ತುಳುಕುತ್ತಿತ್ತು. ಚೆಂಡುಹೂ ಕಟ್ಟಿದ ತೊಟ್ಟಿಲಲ್ಲಿ ಕೂಸು ಇಷ್ಟೆಲ್ಲ ಗದ್ದಲದ ನಡುವೆಯೂ ಸುಖವಾಗಿ ಮಲಗಿತ್ತು. ಶೀಲಾ ಬಗ್ಗಿ ಅದರ ಕಿವಿಯಲ್ಲಿ ಹೆಸರು ಹೇಳಿದಳು. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಉಳಿದ ಹೆಂಗಸರು ಪದ್ಧತಿಯಂತೆ ಗುದ್ದುಗಳ ಮಳೆಗರೆದರು. ಈ ಪದ್ಧತಿ ವರ್ಷಕ್ಕೆ ಒಂದೆರಡು ಸಲವಾದರೂ ಇರಬೇಕಿತ್ತು ಎಂದುಕೊಳ್ಳುತ್ತ ಯಶವಂತ ಸ್ಪೀಕರಿನ ಗುಂಡಿ ಒತ್ತಿದ. ಒಳಗಿನಿಂದ ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ಏನೋ ಉಸುರಿತು.

ಅಂಬಮ್ಮ ಸುತ್ತ ನೋಡಿ, “ಯಾರವಾ ಆಕಿ, ಹೊರಗೇ ನಿಂತಾಳ? ಒಳಗ ಕರೀರಿ, ಉಂಡು ಹೋಗ್ಲಿ” ಎಂದಳು.

“ಆಕಿ ಸ್ಪೀಕರ್‌ನಾಗಿನಾಕಿ ರೀ ಅತ್ತಿ” ಎಂದು ಯಶವಂತ ಸಮಾಧಾನ ಹೇಳಿ, ಕಣ್ಣು ಮುಚ್ಚಿ, ಇಷ್ಟು ವರ್ಷಗಳ ಅನ್ಯಾಯವನ್ನೆಲ್ಲ ಒಟ್ಟುಗೂಡಿಸಿ ಜೋಗುಳ ಎತ್ತಿಕೊಂಡ.

ಮೊದಲ ‘ಜೋ’ಗೆ ಕೂಸು ಬೆಚ್ಚಿತು. ಎರಡನೆಯದಕ್ಕೆ ಸೂರು ಹಾರುವಂತೆ ಕಿರುಚಿತು. ಬಾಣಂತಿ ಕಾವೇರಿ ಅದನ್ನು ಬಾಚಿಕೊಂಡು ಒಳಕೋಣೆಗೆ ಓಡಿದಳು. ಅವಳ ಹಿಂದೆ ಅಂಬಮ್ಮ, ಅವಳ ಹಿಂದೆ ಉಳಿದ ಹೆಂಗಸರು. ಮೈಕು ತಾನೂ ಒಂದು ಸಿಳ್ಳೆ ಹೊಡೆಯಿತು. ಯಶವಂತ ಮೂರನೆಯ ನುಡಿ ಮುಗಿಸಿ ಕಣ್ಣು ತೆರೆದಾಗ ಪಡಸಾಲೆಯಲ್ಲಿ ಖಾಲಿ ತೊಟ್ಟಿಲು ಒಂದೇ ತೂಗುತ್ತಿತ್ತು. ಬಾಗಿಲಲ್ಲಿ ಶೀಲಾ ಹಣೆ ಹಿಡಿದು ನಿಂತಿದ್ದಳು.

ಭೂಮಿ ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಅವನು ಸ್ಪೀಕರಿನ ಸಮೇತ ಇಳಿದುಹೋಗಲು ಸಿದ್ಧನಿದ್ದ. ಅಷ್ಟರಲ್ಲಿ ಹಿತ್ತಲಿನಿಂದ ದತ್ತಪ್ಪ ಕೆಸರುಗಾಲಲ್ಲೇ ಓಡಿ ಬಂದ.

“ಮಾಮಾ, ನಿಂದ್ರಸಬ್ಯಾಡ್ರಿ! ಇನ್ನೊಮ್ಮಿ ಹಾಡ್ರಿ! ನಿಮ್ಮ ಕಾಲಿಗಿ ಬೀಳ್ತೀನಿ, ಇನ್ನೊಮ್ಮಿ!”

ಯಶವಂತ ಮೈಕನ್ನು ಎದೆಗೊತ್ತಿಕೊಂಡ. ಅತ್ತೆಯ ಮನೆಯಲ್ಲಿ ಇನ್ನೊಮ್ಮೆ! ದತ್ತಪ್ಪ ಸ್ಪೀಕರನ್ನು ಎತ್ತಿಕೊಂಡು ಅವನನ್ನು ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದು, ಬಾಳೆತೋಟದ ಅಂಚಿಗೆ ನಿಲ್ಲಿಸಿದ. “ಇಲ್ಲಿ ಗಾಳಿ ಛಲೋ ಅದ. ಆ ಕಡಿ ಮಾರಿ ಮಾಡ್ರಿ. ಆವಾಜ್ ಪೂರಾ ಬಿಡ್ರಿ.”

ಯಶವಂತ ಪೂರಾ ಬಿಟ್ಟ. ಕಣ್ಣಲ್ಲಿ ನೀರು ಬರುವಂತೆ ಹಾಡಿದ. ಕೆಂಪು ಗೊನೆಗಳ ನಡುವೆ ಎಲೆಗಳು ಅಲ್ಲಾಡಿದವು. ಏನೋ ದಡಬಡ ಬೇಲಿ ಹಾರಿತು, ಅದರ ಹಿಂದೆ ಇನ್ನೊಂದು, ಇನ್ನೂ ನಾಲ್ಕು.

“ಹೋದ್ವು! ಕಡೀದೂ ಹೋತು!” ಎಂದು ದತ್ತಪ್ಪ ಕುಣಿದಾಡಿದ.

“ಯಾವು ಹೋದ್ವು?”

“ಮಂಗ್ಯಾಗೋಳ್ರಿ ಮಾಮಾ! ಪಟಾಕಿ ಹೊಡದೆ, ಕವಣಿ ಬೀಸ್ದೆ, ಹುಲಿ ಚಿತ್ರ ಕಟ್ಟಿದೆ, ಅಂಜಲಿಲ್ಲ. ಹಣ್ಣು ತಿಂದು ಸಿಪ್ಪಿ ನನ್ನ ಮ್ಯಾಲೇ ಒಗದ್ವು. ನಿಮ್ಮ ಮೊದಲನೇ ‘ಜೋ’ಕ್ಕ ಎದ್ದು ನಿಂತ್ವು ನೋಡ್ರಿ, ಎರಡನೇದಕ್ಕ ಓಟ!”

ಜೋಗುಳವನ್ನು ದತ್ತಪ್ಪ ಮೊಬೈಲಿನಲ್ಲಿ ತುಂಬಿಸಿಕೊಂಡ. ಸ್ಪೀಕರ್ ತೋಟದ ನಡುವೆ ಗಳದ ಮೇಲೆ ಏರಿತು. ಹಿಂದಿರುಗುವ ಬಸ್ಸಿನಲ್ಲಿ ಶೀಲಾ ಕೆಂಪು ಬಾಳೆಹಣ್ಣಿನ ಚೀಲ ಮಡಿಲಲ್ಲಿಟ್ಟುಕೊಂಡು ಮಹಾಗಾಂವ ಕ್ರಾಸ್‌ವರೆಗೂ ನಕ್ಕಳು. ಯಶವಂತ ಕಿಟಕಿಯಾಚೆ ನೋಡುತ್ತ ಕುಳಿತ. ಆಮೇಲೆ ಅವನು ಸ್ನಾನದ ಮನೆಯಲ್ಲಿಯೂ ಹಾಡುವುದನ್ನು ಬಿಟ್ಟ.

ಕೆಲವು ವಾರಗಳ ಮೇಲೆ ದತ್ತಪ್ಪನ ಫೋನು ಬಂತು. ದನಿ ಸೋತಿತ್ತು. “ಮಾಮಾ, ಮಂಗ್ಯಾಗೋಳಿಗಿ ನಿಮ್ಮ ಹಾಡು ರೂಢಿ ಆಗ್ಯಾದ್ರಿ. ಈಗ ಸ್ಪೀಕರ್ ಕೆಳಗೇ ಕುಂತು ಮರಿ ಮಲಗಸ್ಲಾಕತ್ತಾವ.”

ಯಶವಂತ ಥಟ್ಟನೆ ನೆಟ್ಟಗೆ ಕುಳಿತ. “ಖರೆ? ಮರಿ ಮಲಗ್ತಾವ?”

“ಗೊರಕಿ ಹೊಡೀತಾವ್ರಿ.”

ಕೊನೆಗೂ ಜೋಗುಳವನ್ನು ಜೋಗುಳವೆಂದು ತಿಳಿದುಕೊಂಡ ಶ್ರೋತೃಗಳು! ಇನ್ನೊಂದು ಹಾಡು ಕಳಿಸಲೇ ಎಂದು ಕೇಳಬೇಕೆನ್ನುವಷ್ಟರಲ್ಲಿ ಶೀಲಾ ಮಲಗುವ ಕೋಣೆಯಿಂದ ಸಿಡಿದು ಬಂದಳು.

“ಹಸಿ ಟಾವೆಲ್ ಗಾದಿ ಮ್ಯಾಲ ಒಗೀಬ್ಯಾಡ್ರಿ ಅಂತ ಎಷ್ಟು ಸಲ ಹೇಳ್ಬೇಕ್ರೀ ನಿಮಗ?”

ಫೋನಿನ ಆ ತುದಿ ಕಿವಿ ನಿಮಿರಿಸಿತು. ಬಳಿಕ ಮೆಲ್ಲಗೆ, “ಮಾಮಾ, ಅಕ್ಕ ಏನು? ಫೋನ್ ಇಡಬ್ಯಾಡ್ರಿ. ಆಕಿ ಮುಗಸೋತನಕ ಹಂಗೇ ಆ ಕಡಿ ಹಿಡೀರಿ” ಎಂದಿತು.

ಭಾವಮೈದುನನಿಗಾದರೂ ತನ್ನ ಕಷ್ಟ ಅರ್ಥವಾಯಿತಲ್ಲ ಎಂದು ಯಶವಂತ ಕೃತಜ್ಞತೆಯಿಂದ ಫೋನು ಚಾಚಿ ಹಿಡಿದ. ಶೀಲಾ ಟಾವೆಲಿನಿಂದ ಆರಂಭಿಸಿ ಅವನ ವಂಶದ ಗಂಡಸರು ಹಾಸಿಗೆಯ ಮೇಲೆ ಎಸೆದ ಸಕಲ ಒದ್ದೆ ವಸ್ತುಗಳ ಇತಿಹಾಸವನ್ನು ಸವಿಸ್ತಾರವಾಗಿ ನಿರೂಪಿಸಿದಳು.

ಮುಂದಿನ ಸಲ ಅವರಿಬ್ಬರೂ ಕಮಲಾಪುರದಲ್ಲಿ ಬಸ್ಸಿಳಿದಾಗ, ಚಹದ ಅಂಗಡಿಯ ಮುಂದೆ ಕುಳಿತಿದ್ದ ರುಮಾಲಿನ ಮುದುಕರೊಬ್ಬರು ಯಶವಂತನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ದತ್ತಪ್ಪನ ಮಾಮಾ ಅಂದ್ರ ನೀವೇ ಏನ್ರಿ?”

ಯಶವಂತನ ಎದೆ ಉಬ್ಬಿತು. “ಹೌದ್ರಿ. ನನ್ನ ಹಾಡು ಕೇಳೀರೇನು?”

“ಹಾಡು ಯಾವಾಗೋ ಬಂದ್ ಆತ್ರಿ” ಎಂದು ಮುದುಕರು ಮರುಕದಿಂದ ತಲೆಯಾಡಿಸಿದರು. “ಹಸಿ ಟಾವೆಲ್ ಗಾದಿ ಮ್ಯಾಲ ಒಗೀಬಾರದಪಾ. ಹೆಣ್ಮಗಳು ಎಷ್ಟಂತ ಹೇಳ್ಬೇಕು? ಈಗ ಊರ ಸುತ್ತ ಒಂದ್ ಮಂಗ್ಯಾ ಇಲ್ಲ ನೋಡು.”

ಮುದುಕರು ಶೀಲಾಳತ್ತ ತಿರುಗಿದರು.

“ಆದ್ರ ಸ್ಪೀಕರ್ ಮಾತ್ರ ಒಂದನೇ ನಂಬರ್ ಅದವಾ. ನಮ್ಮ ಮನಿ ಅಷ್ಟು ದೂರ ಅದ, ಅಲ್ಲಿತನಕ ಒಂದೊಂದು ಅಕ್ಷರ ಬಿಡಿಸಿ ಕೇಳಸ್ತದ. ಎಲ್ಲಿ ತಗೊಂಡ್ರಿ?”

“ಸೂಪರ್ ಮಾರ್ಕೆಟ್‌ನಾಗ್ರೀ ಯಪ್ಪಾ” ಎಂದಳು ಶೀಲಾ, ಸೆರಗು ಸರಿಪಡಿಸಿಕೊಳ್ಳುತ್ತ. “ನಮ್ಮ ಮನಿಯವ್ರು ಭಾಳ ಪರೀಕ್ಷಾ ಮಾಡಿ ತಂದಾರ.”